ಮರಿಚೀಟಿ ಕೀಳುವ ಹೆಬ್ಬೆರಳು

ಚಳಿಗಾಲದ ರಜೆ ಶುರುವಾದ ವಾರದ ಸೋಮವಾರ, ಬೆಳಗಿನ ಐದೂಕಾಲು ಗಂಟೆ. ವಿಮಾನ ನಿಲ್ದಾಣದ ನೆಲಮಾಳಿಗೆಯಲ್ಲಿ ಪೆಟ್ಟಿಗೆಗಳು ವಾಪಸು ಬರುತ್ತಿವೆ. ಹೋಗಬೇಕಾದ ಪೆಟ್ಟಿಗೆ ಹೀಗೆ ತಿರುಗಿ ಬಂತೆಂದರೆ ಮೇಲೆ ಯಾವುದೋ ವಿಮಾನ ರದ್ದಾಗಿದೆ, ಅದರ ಜನರನ್ನು ಬೇರೆ ಕಂಪನಿಯ ವಿಮಾನಕ್ಕೆ ಹತ್ತಿಸುತ್ತಿದ್ದಾರೆ ಎಂದು ತಿಳಿಯಬೇಕು. ಕಪ್ಪು ರಬ್ಬರಿನ ಬೆಲ್ಟಿನ ಮೇಲೆ ಒಂದರ ಹಿಂದೊಂದು ಬರುತ್ತಿವೆ: ಹಗ್ಗ ಬಿಗಿದ ಸೂಟ್‌ಕೇಸು, ಕಿವಿ ಹರಿದ ಚೀಲ, ಈಜುವ ಟ್ಯೂಬು ಹೊರಗಿಣುಕುವ ಮಕ್ಕಳ ಪೆಟ್ಟಿಗೆ. ಎಣಿಸಿದರೆ ಇನ್ನೂರ ಹನ್ನೊಂದು.

ಬೆಲ್ಟಿನ ತಿರುವಿನಲ್ಲಿ ಕುಳ್ಳ ಸ್ಟೂಲಿನ ಮೇಲೆ ಕೂತಿದ್ದಾರೆ ಉಗುರಮ್ಮ. ವಯಸ್ಸು ಐವತ್ತೆರಡು. ಪೆಟ್ಟಿಗೆಯನ್ನು ಎಳೆದುಕೊಳ್ಳುತ್ತಾರೆ, ಹಿಡಿಗೆ ಸುತ್ತಿದ ಹಳೆಯ ಉದ್ದ ಚೀಟಿಯನ್ನು ಕತ್ತರಿಸುತ್ತಾರೆ, ಹೊಸ ಕಂಪನಿಯ ಚೀಟಿ ಸುತ್ತುತ್ತಾರೆ. ಬೆಲ್ಟಿನ ಉಳಿದ ಮೂವರು ಕೆಲಸಗಾರರೂ ಅಷ್ಟೇ ಮಾಡಿ ಪೆಟ್ಟಿಗೆಯನ್ನು ಮುಂದೆ ನೂಕುತ್ತಾರೆ. ಉಗುರಮ್ಮ ನೂಕುವುದಿಲ್ಲ. ಹಸುಗೂಸನ್ನು ಮೀಯಿಸುವವರ ಹಾಗೆ ಪೆಟ್ಟಿಗೆಯನ್ನು ಮಗುಚಿ, ಬೆನ್ನು, ಪಕ್ಕೆ, ಚಕ್ರದ ಸಂದಿಯನ್ನೆಲ್ಲ ಸವರಿ ನೋಡುತ್ತಾರೆ. ಎಲ್ಲೋ ಒಂದು ಕಡೆ ಬಲಗೈ ಹೆಬ್ಬೆರಳು ನಿಲ್ಲುತ್ತದೆ. ಆ ಬೆರಳಿನ ಉಗುರು ಉಳಿದವಕ್ಕಿಂತ ಉದ್ದ, ದಪ್ಪ, ಸ್ವಲ್ಪ ಹಳದಿ. ಚರ್ರ್ ಎಂದು ಒಂದು ಸದ್ದು. ಬೆರಳ ತುದಿಯಲ್ಲಿ ಗೆರೆಗೆರೆಯ ಪುಟ್ಟ ಕಾಗದ.

ಅದಕ್ಕೆ ಇಲ್ಲಿಯವರು ಮರಿಚೀಟಿ ಎನ್ನುತ್ತಾರೆ. ಉದ್ದ ಚೀಟಿ ಹರಿದುಹೋದರೂ ಇರಲಿ ಎಂದು ಪ್ರತಿ ಪ್ರಯಾಣದಲ್ಲೂ ಪೆಟ್ಟಿಗೆಯ ಮೈಮೇಲೆ ಅಂಟಿಸುವ ಚಿಕ್ಕ ಚೀಟಿ. ಪ್ರಯಾಣ ಮುಗಿದ ಮೇಲೆ ಅದನ್ನು ಯಾರೂ ಕೀಳುವುದಿಲ್ಲ. ಬೆಲ್ಟು ಕವಲೊಡೆಯುವ ಕಡೆ ಯಂತ್ರದ ಕಣ್ಣೊಂದು ಕೂತಿದೆ. ಮೊದಲು ಕಂಡ ಗೆರೆಯನ್ನು ಅದು ಓದುತ್ತದೆ, ಹಳೆಯದೋ ಹೊಸದೋ ಅದಕ್ಕೆ ತಿಳಿಯದು. ಹಳೆಯ ಮರಿಚೀಟಿ ಕಣ್ಣಿಗೆ ಬಿತ್ತೋ, ಪೆಟ್ಟಿಗೆ ಒಂದು ದಿಕ್ಕಿಗೆ, ಪೆಟ್ಟಿಗೆಯವರು ಇನ್ನೊಂದು ದಿಕ್ಕಿಗೆ.

"ಬೇಗ ಕಣಮ್ಮ, ಬೇಗ! ಒಂದೊಂದಕ್ಕೂ ಎಣ್ಣೆ ನೀರು ಹಾಕ್ತಾ ಕೂತ್ರೆ ವಿಮಾನ ಕಾಯುತ್ತಾ?" ಎದುರಿನ ಸ್ಟೂಲಿನಿಂದ ಕೂಗು ಬರುತ್ತದೆ. ಅದು ಗಡಿಯಾರ. ದಪ್ಪ ಮೀಸೆಯ, ಇನ್ನೆರಡು ವರ್ಷಕ್ಕೆ ನಿವೃತ್ತಿಯಾಗುವ ಸಹೋದ್ಯೋಗಿ. ಮಾತಿಗೊಮ್ಮೆ ಗೋಡೆಯ ಗಡಿಯಾರ ನೋಡುವುದರಿಂದ ಆ ಹೆಸರು.

"ನಿಲ್ಲೋದು ವಿಮಾನ ತಾನೇ? ಅದಕ್ಕೇನು ಕಾಲು ನೋಯುತ್ತಾ?" ಉಗುರಮ್ಮ ತಲೆ ಎತ್ತದೆ ಹೇಳುತ್ತಾರೆ.

ಗಡಿಯಾರನ ದೂರಿನಲ್ಲೂ ಹುರುಳಿಲ್ಲದೆ ಇಲ್ಲ. ಬರೀ ಚೀಟಿ ಬದಲಿಸಲು ಇಪ್ಪತ್ತೈದು ಸೆಕೆಂಡು ಸಾಕು. ಮೈಯೆಲ್ಲ ಸವರಿ ಕೀಳುತ್ತ ಕೂತರೆ ನಲವತ್ತು. ಉಗುರಮ್ಮ ಮೂವತ್ತು ಪೆಟ್ಟಿಗೆ ಮುಗಿಸುವ ಹೊತ್ತಿಗೆ ಅವನು ಐವತ್ತರ ಹತ್ತಿರ ಇರುತ್ತಾನೆ. "ಇವರ ಪಾಲಿಂದೂ ನಾನೇ ಎಳೀಬೇಕು. ಇವರಿಗೆ ಒಳ್ಳೆ ಹೆಸರು, ನನಗೆ ಸೊಂಟ ನೋವು" ಎಂದು ಮೀಸೆಯೊಳಗೇ ಗೊಣಗುತ್ತಾನೆ.

ಬೆನ್ನು ಕೈಕೊಡುವವರೆಗೆ ನಾನೂ ಇದೇ ಬೆಲ್ಟಿನಲ್ಲಿ ಪೆಟ್ಟಿಗೆ ಎತ್ತಿದವನು. ಉಗುರಮ್ಮನಿಗೆ ಈ ಉಗುರು ಇಲ್ಲದಿದ್ದ ಕಾಲವೂ ನನಗೆ ನೆನಪಿದೆ. ಹತ್ತೊಂಬತ್ತು ವರ್ಷದ ಕೆಳಗೆ, ಆಕೆ ಕೆಲಸಕ್ಕೆ ಸೇರಿದ ಮೂರನೆಯ ತಿಂಗಳು. ಆಗಲೂ ರಜೆಯ ವಿಮಾನವೊಂದು ರದ್ದಾಗಿ, ಜನರೆಲ್ಲ ಬೇರೆ ಕಂಪನಿಯಲ್ಲಿ ಹೋದರು. ಹದಿನೈದು ದಿನದ ಮೇಲೆ ಕಚೇರಿಗೆ ಒಂದು ಕಾಗದ ಬಂತು. ಮೇಲ್ವಿಚಾರಕರು ಅದನ್ನು ನಮ್ಮೆಲ್ಲರ ಮುಂದೆ ಓದಿದರು. ಒಬ್ಬ ಮಗಳು ಬರೆದಿದ್ದಳು. ಬೈಗುಳ ಒಂದೂ ಇರಲಿಲ್ಲ. ಅವಳ ತಾಯಿಯ ಒಂದು ಕಾಲು ಗಿಡ್ಡ. ಅಳತೆ ಕೊಟ್ಟು ಮಾಡಿಸಿದ ಬೂಟಿಲ್ಲದೆ ಹತ್ತು ಹೆಜ್ಜೆ ನಡೆಯಲಾರರು. ಪ್ರಯಾಣದಲ್ಲಿ ಗಾಲಿಕುರ್ಚಿ ಇರುತ್ತದಲ್ಲ ಎಂದು ಬೂಟನ್ನು ಪೆಟ್ಟಿಗೆಯಲ್ಲಿಟ್ಟಿದ್ದರು. ಏಳು ದಿನದ ರಜೆಗೆ ಹೋದರು, ಚಕ್ರದ ಪಕ್ಕದ ಹಳೆಯ ಚೀಟಿಯಿಂದ ಬೇರೆ ಊರಿಗೆ ಹೋಗಿದ್ದ ಪೆಟ್ಟಿಗೆ ಸಿಕ್ಕಿದ್ದು ಒಂಬತ್ತನೆಯ ದಿನ. 'ನಮ್ಮಮ್ಮ ಸಮುದ್ರ ನೋಡಲು ಹೋದವರು, ಕಿಟಕಿಯಿಂದ ನೋಡಿ ಬಂದರು' ಎಂದು ಕಡೆಯ ಸಾಲು.

"ಯಾರ ಕೈ ಇದು?" ಎಂದು ಮೇಲ್ವಿಚಾರಕರು ಕೇಳಿದರು. ಎರಡು ದಿನ ಬಿಟ್ಟು ಉಗುರಮ್ಮ ತಾವಾಗಿಯೇ ಅವರ ಕೋಣೆಗೆ ಹೋದರು. ಬಾಗಿಲು ತೆರೆದೇ ಇತ್ತು.

"ನನ್ನದು ಸಾರ್. ಚಕ್ರದ ಹತ್ರ ಮರಿಚೀಟಿ ಇದ್ದದ್ದು ಕಣ್ಣಿಗೆ ಬಿದ್ದಿತ್ತು. ಇರ್ಲಿ ಬಿಡು, ಏನಾಗುತ್ತೆ ಅಂತ ಬಿಟ್ಟೆ."

"ಹೋಗ್ಲಿ ಬಿಡಮ್ಮ. ಇನ್ನೂರರಲ್ಲಿ ಒಂದು ತಪ್ಪಿದ್ರೆ ಅದು ತಪ್ಪೇ ಅಲ್ಲ."

"ಆ ತಾಯಿ ಹತ್ರ ಇನ್ನೂರು ಪೆಟ್ಟಿಗೆ ಇರ್ಲಿಲ್ಲ ಸಾರ್. ಒಂದೇ ಇತ್ತು."

ಅಂದಿನಿಂದ ಬಲಗೈ ಹೆಬ್ಬೆರಳಿನ ಉಗುರಿಗೆ ಕತ್ತರಿ ತಾಗಿಲ್ಲ. ಹೆಚ್ಚು ಬೆಳೆದರೆ, ಒಡೆದರೆ ಅರದಿಂದ ಉಜ್ಜಿ ಸರಿಮಾಡಿಕೊಳ್ಳುತ್ತಾರೆ. ಚಾಕು ಕೊಟ್ಟರೆ ಪೆಟ್ಟಿಗೆಯ ಮೈ ಗೀರುತ್ತದಂತೆ. ನಿಲ್ದಾಣದ ಬಸ್ಸು ಓಡಿಸುವ ಗಂಡ ನಗುತ್ತಾರೆ: "ಮದುವೆಯಾದ ಹೊಸದರಲ್ಲಿ ಇವಳ ಬಾಯಿಗೆ ಹೆದರ್ತಿದ್ದೆ. ಈಗ ಹೆಬ್ಬೆರಳಿಗೆ." ಸಾಧಾರಣ ದಿನ ನಲವತ್ತು ಪೆಟ್ಟಿಗೆ, ರಜೆಯ ವಾರದಲ್ಲಿ ದಿನಕ್ಕೆ ಇನ್ನೂರರ ಮೇಲೆ. ಒಟ್ಟು ಎಷ್ಟಾಗಿರಬಹುದು ಎಂದರೆ ಉಗುರಮ್ಮ ಕೈಯಾಡಿಸಿಬಿಡುತ್ತಾರೆ. "ಎಣಿಸಿಲ್ಲ. ಒಳಗೇನಿದೆ ಅಂತ ನಮಗೆ ಕಾಣಲ್ವಲ್ಲ. ಎಲ್ಲದರಲ್ಲೂ ಆ ಬೂಟೇ ಇದೆ ಅಂದ್ಕೊಂಡ್ರೆ ಆಯ್ತು."

ಇಷ್ಟೆಲ್ಲ ಜನರನ್ನು ಕಳಿಸಿಕೊಟ್ಟ ಈಕೆ ತಾವು ಒಮ್ಮೆಯೂ ವಿಮಾನ ಹತ್ತಿದವರಲ್ಲ. ಊರಿಗೆಲ್ಲ ರಜೆ ಬಂದಾಗ ಇವರಿಗೆ ಕೈತುಂಬ ಕೆಲಸ. ಈ ವರ್ಷ ಮಾತ್ರ ಬುಧವಾರದಿಂದ ಭಾನುವಾರದವರೆಗೆ ಐದು ದಿನ ರಜೆ ಬೇಡಿದ್ದಾರೆ. ಕಾರಣ, ದೊಡ್ಡಕ್ಕ.

ದೊಡ್ಡಕ್ಕ ಎಂದರೆ ಉಗುರಮ್ಮನ ಒಡಹುಟ್ಟಿದ ಅಕ್ಕ, ತಾಯಿ ತೀರಿದ ಮೇಲೆ ತಂಗಿಯನ್ನು ಎತ್ತಿ ಆಡಿಸಿ ಬೆಳೆಸಿದವರು. ಮೂವತ್ತನಾಲ್ಕು ವರ್ಷ ಬಸ್ಸು, ರೈಲುಗಳ ಸೀಟಿಗೆ ಬಟ್ಟೆ ಹೊಲಿದಿದ್ದಾರೆ. ಈಗ ಅವರ ಕಣ್ಣು ಅಂಚಿನಿಂದ ಒಳಕ್ಕೆ ಮುಚ್ಚಿಕೊಳ್ಳುತ್ತ ಬರುತ್ತಿದೆ. ಕೊಳವೆಯಲ್ಲಿ ಇಣುಕಿದಷ್ಟು ಮಾತ್ರ ಕಾಣುತ್ತದೆ. ಮುಂದಿನ ಬೇಸಿಗೆಯ ಹೊತ್ತಿಗೆ ಬೆಳಕು ಯಾವುದು, ಕತ್ತಲೆ ಯಾವುದು ಎಂಬಷ್ಟೇ ಗೊತ್ತಾಗಬಹುದು ಎಂದಿದ್ದಾರೆ ವೈದ್ಯರು.

"ನೀಲಿ ಬಟ್ಟೆ ಒಂದೇ ಎಷ್ಟು ಮೈಲಿ ಹೊಲಿದಿದ್ದೀನೋ," ಎನ್ನುತ್ತಾರೆ ದೊಡ್ಡಕ್ಕ. "ನಿಜವಾದ ನೀಲಿ ಎಷ್ಟಿದೆ ಅಂತ ಒಂದ್ಸಲ ನೋಡ್ಬೇಕು. ಸಮುದ್ರಕ್ಕೆ ಕರ್ಕೊಂಡು ಹೋಗೇ ಅಂತ ಇವಳಿಗೆ ಹನ್ನೆರಡು ವರ್ಷದಿಂದ ಹೇಳ್ತಿದ್ದೀನಿ. ಮುಂದಿನ ರಜೆಗೆ, ಮುಂದಿನ ರಜೆಗೆ ಅಂತಾಳೆ. ನನ್ನ ಕಣ್ಣಿಗೆ ಮುಂದಿನ ರಜೆ ಇಲ್ಲ ಕಣೇ ಅಂದೆ. ಆಗ ಹೊರಟಳು."

ಬಿಸಿಲು ನೇರ ಬಿದ್ದರೆ ದೊಡ್ಡಕ್ಕನಿಗೆ ಎಲ್ಲವೂ ಸುಣ್ಣ ಬಳಿದ ಗೋಡೆ. ಅದಕ್ಕೆಂದು ಆಸ್ಪತ್ರೆಯಲ್ಲಿ ಪಕ್ಕವೂ ಮುಚ್ಚಿದ ಕಪ್ಪು ಕನ್ನಡಕ ಮಾಡಿಸಿಕೊಟ್ಟಿದ್ದಾರೆ. ಅದಿಲ್ಲದೆ ಸಮುದ್ರದ ಮುಂದೆ ಕಣ್ಣು ಬಿಡುವಂತಿಲ್ಲ. ಮನೆಯಲ್ಲಿ ಪೆಟ್ಟಿಗೆ ಇರಲಿಲ್ಲ. ಹೋದ ವರ್ಷ ಮಗಳ ಊರಿಗೆ ಹೋಗಿ ಬಂದಿದ್ದ ಗಡಿಯಾರನೇ ತನ್ನ ಕಂದು ಸೂಟ್‌ಕೇಸು ತಂದುಕೊಟ್ಟ. ಉಗುರಮ್ಮ ಅದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆಬರೆ ಜೋಡಿಸಿದರು. ದೊಡ್ಡಕ್ಕ ತಮ್ಮ ಕನ್ನಡಕವನ್ನು ಶಾಲಿನಲ್ಲಿ ಸುತ್ತಿ, ಎಲ್ಲಕ್ಕಿಂತ ಕೆಳಗೆ ಜೋಪಾನವಾಗಿ ಇಟ್ಟರು. ಈ ಮಂಜಿನ ಊರಿನಲ್ಲಿ ಅದರ ಕೆಲಸವೇನು ಎಂದು.

ಬುಧವಾರ ಬೆಳಿಗ್ಗೆ ಬೀಳ್ಕೊಡಲು ನಾನೂ ಹೋಗಿದ್ದೇನೆ. ಏಳೂ ಇಪ್ಪತ್ತರ ವಿಮಾನ. ಪೆಟ್ಟಿಗೆ ಕೊಟ್ಟಾಗಿದೆ, ಅದು ಬೆಲ್ಟಿನ ಮೇಲೆ ಕೆಳಗಿಳಿದಾಗಿದೆ. ಆರೂವರೆಗೆ ಹಲಗೆಯ ಮೇಲೆ ಕೆಂಪು ಅಕ್ಷರ: ರದ್ದು. ಯಂತ್ರದಲ್ಲಿ ಏನೋ ದೋಷವಂತೆ. ಸಾಲಿನಲ್ಲಿ ಮಕ್ಕಳು ಅಳುತ್ತವೆ, ದೊಡ್ಡವರು ಫೋನಿಗೆ ಕಿರುಚುತ್ತಾರೆ. ಕೌಂಟರಿನ ಹುಡುಗಿ ಎರಡು ದಾರಿ ಹೇಳುತ್ತಾಳೆ. ಇದೇ ಕಂಪನಿಯಲ್ಲಾದರೆ ಶನಿವಾರ. ಬೇರೆ ಕಂಪನಿಯಲ್ಲಾದರೆ ಇವತ್ತೇ, ಒಂಬತ್ತೂ ಐದಕ್ಕೆ. ಅಕ್ಕಪಕ್ಕ ಸೀಟಿಲ್ಲ, ಕಿಟಕಿಯದು ಒಂದು, ನಾಲ್ಕು ಸಾಲು ಹಿಂದೆ ಇನ್ನೊಂದು. ಶನಿವಾರ ಹೋಗಿ ಭಾನುವಾರ ಬರುವುದೆಂಥ ಪ್ರಯಾಣ? ಉಗುರಮ್ಮ ಎರಡನೆಯದಕ್ಕೆ ತಲೆಯಾಡಿಸುತ್ತಾರೆ.

ಹುಡುಗಿ ಹೊಸ ಟಿಕೆಟಿನ ಬೆನ್ನಿಗೆ ಪೆಟ್ಟಿಗೆಯ ರಸೀದಿ ಅಂಟಿಸಿ ಕೊಡುತ್ತಾಳೆ. ಅದರ ಅಂಚಿನ ಮೇಲೆ ಉಗುರಮ್ಮನ ಹೆಬ್ಬೆರಳು ತಾನಾಗಿಯೇ ಓಡುತ್ತದೆ. ಓಡಿ, ನಿಲ್ಲುತ್ತದೆ.

"ಅಯ್ಯೋ. ಗಡಿಯಾರನ ಪೆಟ್ಟಿಗೆ ನಾನು ನೋಡ್ಲೇ ಇಲ್ಲ. ಮೇಲೆಳೆಯೋ ಹಿಡಿ ಒಳಗೆ ಕೂರುತ್ತಲ್ಲ, ಆ ಗುಳಿಯಲ್ಲಿ ಏನೋ ಬೆಳ್ಳಗಿತ್ತು. ಒರೆಸಿ ಸುಮ್ಮನಾದೆ. ಊರಿನ ಪೆಟ್ಟಿಗೆಯೆಲ್ಲ ಮಗುಚಿ ನೋಡೋಳು, ನಂದು ಅಂತ ಬಂದಾಗ ಬರೀ ಒರೆಸಿದೆ!"

ಬೆಳ್ಳಗಿದ್ದದ್ದು ಮರಿಚೀಟಿಯೇ ಆಗಿದ್ದರೆ ಸೂಟ್‌ಕೇಸು ಗಡಿಯಾರನ ಮಗಳ ಊರಿಗೆ ಹೋಗುತ್ತದೆ. ಅದರ ಜೊತೆ ಕನ್ನಡಕವೂ. ದೊಡ್ಡಕ್ಕನೂ ಸಮುದ್ರದ ಮುಂದೆ ಕಣ್ಣು ಮುಚ್ಚಿ ಕೂರಬೇಕು.

ಉಗುರಮ್ಮ ನೆಲಮಾಳಿಗೆಯ ಬಾಗಿಲಿಗೆ ಧಾವಿಸುತ್ತಾರೆ. ದಿನವೂ ನಕ್ಕು ಒಳಬಿಡುವ ಕಾವಲುಗಾರ ಇಂದು ಕೈ ಅಡ್ಡ ಹಿಡಿಯುತ್ತಾನೆ. "ಕೆಲಸದ ಕಾರ್ಡು ಎಲ್ಲಿದೆಯಮ್ಮ?"

"ರಜೆ ಅಂತ ಕಚೇರಿಗೆ ಒಪ್ಪಿಸಿದ್ದೀನಪ್ಪ. ಎರಡೇ ನಿಮಿಷ."

"ಇವತ್ತು ನೀವು ಪ್ರಯಾಣಿಕರು. ಬಿಟ್ರೆ ನನ್ನ ಕೆಲಸ ಹೋಗುತ್ತೆ. ಬೇಜಾರು ಮಾಡ್ಕೋಬೇಡಿ."

ಬೆಲ್ಟಿನ ಬಳಿ ಫೋನು ಒಯ್ಯುವಂತಿಲ್ಲ. ಗಡಿಯಾರನ ಫೋನು ಅವನ ಬೀರುವಿನಲ್ಲಿ ಬಡಿದುಕೊಂಡು ಸುಮ್ಮನಾಗುತ್ತದೆ. "ಅವನು ಒಂದು ದಿನವೂ ಕಿತ್ತವನಲ್ಲ," ಎನ್ನುತ್ತಾರೆ ಉಗುರಮ್ಮ, ಗೋಡೆಗೆ ಒರಗಿ. "ಬೇಡ ಅಕ್ಕ. ಹೋಗೋದು ಬೇಡ. ಪೆಟ್ಟಿಗೆ ವಾಪಸು ಇಸ್ಕೊಳ್ಳೋಣ. ಇನ್ನೊಂದ್ಸಲ..."

ದೊಡ್ಡಕ್ಕ ಗಾಳಿಯಲ್ಲಿ ಕೈ ತಡಕಿ ತಂಗಿಯ ಹೆಬ್ಬೆರಳು ಹಿಡಿದುಕೊಳ್ಳುತ್ತಾರೆ. "ಕಣ್ಣು ನನ್ನದು, ಹೆದರಿಕೆ ನಿನ್ನದಾ? ನಿನ್ನ ಹಾಗೆ ಒಬ್ಬರೂ ಇಲ್ವಾ ಕೆಳಗೆ? ಇಲ್ಲದಿದ್ರೆ ಸೂರ್ಯ ಮುಳುಗಿದ ಮೇಲೆ ನೋಡ್ತೀನಿ. ನಡಿ."

ಅವರು ಒಳಗೆ ಹೋಗುತ್ತಾರೆ. ತಂಗಿ ಎರಡು ಸಲ ತಿರುಗಿ ನೆಲಮಾಳಿಗೆಯ ಬಾಗಿಲು ನೋಡುತ್ತಾರೆ. ಅಕ್ಕ ತಿರುಗುವುದಿಲ್ಲ.

ಕೆಳಗೆ ನಡೆದದ್ದನ್ನು ಗುರುವಾರ ಬೆಳಿಗ್ಗೆ, ಕಚೇರಿಯ ಅನುಮತಿ ಪಡೆದು ನಾನು ಅಲ್ಲಿಗೆ ಇಳಿದಾಗ, ಗಡಿಯಾರನೇ ಹೇಳುತ್ತಾನೆ. ಬುಧವಾರ ತಿರುಗಿ ಬಂದ ಪೆಟ್ಟಿಗೆ ನೂರ ಎಂಬತ್ತೇಳು, ಕೈಗಳು ಮೂರೇ ಜೋಡಿ. ಅರವತ್ತು ಪೆಟ್ಟಿಗೆ ಆಗಿರಬೇಕು, ಕಂದು ಸೂಟ್‌ಕೇಸು ಬಂತು.

"ನನ್ನ ಪೆಟ್ಟಿಗೆ ನನಗೇ ಗುರುತಾಗಲ್ವಾ? ಹೊಸ ಚೀಟಿ ಸುತ್ತಿ ನೂಕಿಬಿಟ್ಟೆ. ಎರಡು ಮಾರು ಹೋಗಿತ್ತು. ಹೋದ ವರ್ಷ ಮಗಳ ಊರಿಗೆ ಹೊರಟಾಗ ಕೌಂಟರಿನವರು ಆ ಗುಳಿಯಲ್ಲಿ ಮರಿಚೀಟಿ ಅಂಟಿಸಿದ್ದು ನೆನಪಾಯ್ತು. ಓಡಿದೆ ನೋಡಿ, ಈ ಸೊಂಟ ಇಟ್ಕೊಂಡು! ನನಗೋ ಉಗುರೇ ಇಲ್ಲ, ಎಲ್ಲ ಕಚ್ಚಿ ಹಾಕಿದ್ದೀನಿ. ಬೀರುವಿನ ಬೀಗದ ಕೈಯಲ್ಲಿ ಕೆರೆದು ತೆಗೆದೆ."

ಅಲ್ಲಿಗೆ ಮುಗಿಸಬಹುದಿತ್ತು. ಅವನು ಗೋಡೆಯ ಗಡಿಯಾರ ನೋಡುತ್ತಾನೆ, ಮತ್ತೆ ನೆಲ ನೋಡುತ್ತಾನೆ.

"ಆಮೇಲೆ ಪಕ್ಕದ್ದು ಬಂತು. ಅದರ ಮೈಮೇಲೂ ಒಂದಿತ್ತು. ಇದಕ್ಕೆ ಮಾಡಿ ಅದಕ್ಕೆ ಬಿಡೋದು ಹೇಗೆ? ಅದರೊಳಗೆ ಏನಿದೆ ಅಂತ ನನಗೇನು ಗೊತ್ತು? ಅದನ್ನೂ ಕೆರೆದೆ. ಉಳಿದವೂ ಹಾಗೇ ಆದವು. ಮೊದಲು ಬಿಟ್ಟ ಅರವತ್ತನ್ನೂ ಹೋದ ಹೋದ ಗಾಡಿಗಳಿಂದ ಇಳಿಸಿ ನೋಡಿದ್ವಿ. ಉಳಿದಿಬ್ಬರೂ ನನ್ನ ಜನ್ಮ ಜಾಲಾಡಿದ್ರು."

ಉಗುರಮ್ಮನ ಖಾಲಿ ಸ್ಟೂಲಿನ ಪಕ್ಕ, ಗೋಡೆಗೆ, ಅಂಚು ಹರಿದ ಒಂದು ಮರಿಚೀಟಿ ಅಂಟಿಸಿದೆ. ಬಂದಾಗ ನೋಡಲಿ ಎಂದು.

ಮಧ್ಯಾಹ್ನ ಉಗುರಮ್ಮನ ಫೋನು ಬರುತ್ತದೆ. ಹಿಂದೆ ಗಾಳಿಯ ಭೋರು. "ಪೆಟ್ಟಿಗೆ ನಮಗಿಂತ ಮುಂಚೆ ಬಂದು ನಿಂತಿತ್ತು. ಗುಳಿ ಸವರಿ ನೋಡಿದೆ, ನುಣ್ಣಗಿತ್ತು. ಯಾರೋ ಕೆರೆದಿದ್ದಾರೆ, ಸ್ವಲ್ಪ ಗೀರೂ ಬಿದ್ದಿದೆ." ಕೆಳಗೆ ನಡೆದದ್ದನ್ನು ನಾನು ತಿಳಿಸುತ್ತೇನೆ. " ಗಡಿಯಾರನಿಗೆ ಹೇಳಿ, ಬೀಗದ ಕೈ ಬೇಡ, ಉಗುರು ಬೆಳೆಸು ಅಂತ. ಅವನಿಗೆ ಎರಡು ವರ್ಷ, ನನಗೂ ಇನ್ನು ಎಂಟೇ ವರ್ಷ ಇರೋದು. ಅಷ್ಟರೊಳಗೆ ಅವನನ್ನು ನೋಡಿ ಉಳಿದಿಬ್ಬರಲ್ಲಿ ಇನ್ನೊಂದು ಹೆಬ್ಬೆರಳು ತಯಾರಾದ್ರೆ ಸಾಕು." ದೊಡ್ಡಕ್ಕ ಹೇಗಿದ್ದಾರೆ ಎಂದರೆ, "ಕನ್ನಡಕ ಹಾಕ್ಕೊಂಡು ಬೆಳಗಿನಿಂದ ಕೂತಿದ್ದಾಳೆ. ಊಟಕ್ಕೆ ಬಾ ಅಂದ್ರೆ, ತಡಿ, ಇನ್ನೂ ಮುಗಿದಿಲ್ಲ ಅಂತಾಳೆ."

ನೆಲಮಾಳಿಗೆಯಲ್ಲಿ ದಿನಚರಿಯ ಪುಸ್ತಕವೊಂದಿದೆ. ವಿಮಾನ ಒಂದು ನಿಮಿಷ ತಡವಾದರೂ ಕಾರಣ ಬರೆದು ರುಜು ಹಾಕಬೇಕು. ಇಪ್ಪತ್ತೇಳು ವರ್ಷದಲ್ಲಿ ಗಡಿಯಾರನ ಕೈಬರಹ ಅದರ 'ತಡ' ಎಂಬ ಸಾಲಿನಲ್ಲಿ ಬಿದ್ದಿರಲಿಲ್ಲ. ಈಗ ಬಿದ್ದಿದೆ, ಗುಂಡಗಿನ ದೊಡ್ಡ ಅಕ್ಷರದಲ್ಲಿ: 'ಬುಧವಾರ. ಒಂಬತ್ತೂ ಐದರದು ಒಂಬತ್ತೂ ಹದಿನಾರಕ್ಕೆ ಹೊರಟಿತು. ಕಾರಣ, ಪೆಟ್ಟಿಗೆ ಸರಿಯಾಗಿ ನೋಡಿದ್ದು. ನಮ್ಮವರು ಇಬ್ಬರು ಅದರಲ್ಲಿ ಹೋದರು.'