ರಾಜ್ಯ ಕಳೆದುಕೊಂಡವರ ಕಾಟ

ಇವತ್ತು ಬೆಳಿಗ್ಗೆ ಶೇಂಗಾ ಹುರಿಯುತ್ತಿದ್ದೆ. ಪಡಸಾಲೆಯಿಂದ ಕಹಳೆಯ ಸದ್ದು ಬಂತು. ಮಗಳು ಟಿವಿಗೆ ಹೊಸ ಗೇಮು ಹಚ್ಚಿದ್ದಳು. ಇಣುಕಿದರೆ ಅದೇ ಕತೆ: ಕೋಟೆಗೆ ಬೆಂಕಿ, ಹಿಂಬಾಗಿಲ ಸುರಂಗ, ಕೆನ್ನೆಗೆ ಮಸಿ ಮೆತ್ತಿಕೊಂಡು ಓಡುವ ಎಳೆಯ ರಾಜಕುಮಾರ. ಶೇಂಗಾ ಕೆಂಪಾಗುವಷ್ಟರಲ್ಲಿ ಇನ್ನೊಬ್ಬನ ರಾಜ್ಯ ಹೋಯಿತು. ನೀವೇ ಹೇಳಿ, ಈ ಗೇಮುಗಳಲ್ಲಿ ಒಬ್ಬನಾದರೂ ಅಪ್ಪನ ಗದ್ದುಗೆಯ ಮೇಲೆ ನೆಟ್ಟಗೆ ಕೂತದ್ದುಂಟೇ?

ಇಂಥವರನ್ನು ನನಗೆ ಪರಿಚಯಿಸಿದವಳು ಖಾನಾಪುರದ ಅಕ್ಕನ ಮಗಳು ಸುಜಾತಾ, ನನ್ನನ್ನು ಮಾವಶಿ ಎಂದು ಕರೆಯುವವಳು. ಅಪ್ಪ ತೀರಿಕೊಂಡ ಮೇಲೆ ಅವರ ಹಿಟ್ಟಿನ ಗಿರಣಿಯನ್ನು ಅವಳೇ ನಡೆಸುತ್ತಿದ್ದಳು. "ಹೆಣ್ಣುಹುಡುಗಿ ಗಿರಣ್ಯಾಗ ನಿಂತರ ಛಂದ ಕಾಣಂಗಿಲ್ಲ" ಎಂದು ಅವಳ ಕಾಕಾ, ಅಪ್ಪನ ತಮ್ಮ, ಕೀಲಿ ಇಸಿದುಕೊಂಡರು. ಹುಡುಗಿ ಸಿಟ್ಟಿನಿಂದ ಬೆಳಗಾವಿಯ ಬಸ್ಸು ಹತ್ತಿ ನಮ್ಮ ಮನೆಗೆ ಬಂದಳು. ಬಂದವಳು ಟಿವಿಯ ಮುಂದೆ ಕೂತೇಬಿಟ್ಟಳು.

ಅವಳ ಗೇಮಿನಲ್ಲೂ ಒಬ್ಬ ಎಳೆಯ ರಾಣಿ, ಚಿಕ್ಕಪ್ಪ ಅಟ್ಟಿದವಳು. ಅಟ್ಟಿಸಿಕೊಂಡವಳು ಸೈನ್ಯ ಕಟ್ಟಬೇಡವೇ? ಈಕೆ ಮೀನು ಹಿಡಿಯುತ್ತಾಳೆ, ಅಣಬೆ ಆರಿಸುತ್ತಾಳೆ, ಯಾರದೋ ಕಳೆದುಹೋದ ಆಡು ಹುಡುಕಿಕೊಡುತ್ತಾಳೆ! ಬದನೆಕಾಯಿ ಹೆಚ್ಚುತ್ತ ನೋಡಿ ನೋಡಿ ನನ್ನ ತಲೆ ಕೆಟ್ಟಿತು. ಮನೆಯವರೆಲ್ಲ ನನ್ನನ್ನು ತಾಳ್ಮೆಯವಳು ಅನ್ನುತ್ತಾರೆ. ಹೊಗಳಲು ಬೇರೇನೂ ಸಿಕ್ಕಿರಲಿಕ್ಕಿಲ್ಲ.

"ಅಲ್ಲಬೇ, ರಾಜ್ಯ ಹೋಗೈತಿ, ಈಕಿ ಆಡು ಹುಡುಕಾಕತ್ತಾಳಲ್ಲ!"

"ಈಗ ಹೋದ್ರ ಕ್ವಾಟಿ ಬಾಗಲದಾಗ ಸಾಯ್ತಾಳ ಮಾವಶಿ. ಮೊದಲ ಶಕ್ತಿ ಬರಬೇಕು."

"ಆಕೀದು ಬಿಡು. ನೀ ಯಾವಾಗ ಹೋಗಾಕಿ?"

ಸುಜಾತಾ ಟಿವಿಯ ಸದ್ದು ಏರಿಸಿದಳು.

ಕೊನೆಗೆ ಶಕ್ತಿ ಬಂದದ್ದು ಮೆಣಸಿನಕಾಯಿಯಿಂದ. ಖಾರ ಬೀಸಿದ ಕಲ್ಲನ್ನು ಸ್ವಚ್ಛ ಮಾಡದೆ ಕಾಕಾ ಅದರಲ್ಲೇ ಓಣಿಯವರ ಜೋಳ ಬೀಸಿಕೊಟ್ಟರು. "ಯವ್ವಾ, ಲಗೂನ ಬಾ. ರೊಟ್ಟಿ ತಿಂದು ನಮ್ಮ ಮಾವ ಅಂಗಳದಾಗ ಕುಣ್ಯಾಕತ್ತಾರ" ಎಂದು ಗಿರಣಿಯ ಪಕ್ಕದ ಮನೆಯಾಕೆ ಸುಜಾತಾಗೆ ಫೋನು ಮಾಡಿದಳು. ಆಮೇಲೆ ಇನ್ನೊಬ್ಬಳು, ಮತ್ತೊಬ್ಬಳು.

ಮರುದಿನ ಸುಜಾತಾಳ ಜೊತೆ ನಾನೂ ಹೋದೆ. ಗಿರಣಿಯ ಬಾಗಿಲಲ್ಲಿ ಖುರ್ಚಿ ಹಾಕಿಕೊಂಡು ಕಾಕಾ ಕೂತಿದ್ದರು, ಖಾರಕ್ಕೆ ಕಣ್ಣು ಕೆಂಪಗೆ. ನಾನು ಯುದ್ಧಕ್ಕೆಂದು ಸೆರಗು ಬಿಗಿದೆ.

"ಕಾಕಾ, ಸರೀರಿ. ಕಲ್ಲು ಬಿಚ್ಚಿ ಸ್ವಚ್ಛ ಮಾಡಬೇಕು" ಅಂದಳು ಹುಡುಗಿ. ಅವರಿಗೆ ಕಲ್ಲು ಬಿಚ್ಚಲು ಬರುತ್ತಿರಲಿಲ್ಲ. ಸರಿದರು. ಕೀಲಿಯನ್ನೂ ಕೊಟ್ಟರು. ಖುರ್ಚಿ ಮಾತ್ರ ಬಿಡಲಿಲ್ಲ.

ನನ್ನ ಹೊಟ್ಟೆಯುರಿ ಈ ಖುರ್ಚಿಯದೇ. ಗೇಮಿನ ರಾಣಿಯಾದರೂ ಕೊನೆಗೆ ಚಿಕ್ಕಪ್ಪನನ್ನು ಗಡಿಪಾರು ಮಾಡಿದ್ದಳು. ಇವತ್ತು ಒಲೆ ಆರಿಸಿ ಸುಜಾತಾಗೆ ಫೋನು ಹಚ್ಚಿದೆ.

"ನಿಮ್ಮ ಕಾಕಾ ಇನ್ನೂ ಅಲ್ಲೇ ಕುಂತಾರೇನ?"

"ಕುಂತಾರ. ಬಂದವರಿಗೆಲ್ಲ 'ನನ್ನ ಗಿರಣಿ' ಅಂತ ಹೇಳ್ಕೋತ."

"ಇನ್ನೂ ಎಷ್ಟ ದಿನ ಸೈಸ್ತಿ? ಹೊರಗ ಹಾಕು!"

"ಹಾಕ್ತೀನಿ. ಆದ್ರ ರಾಜ್ಯ ಹೋದವರು ಎಲ್ಲಿಗೆ ಬರ್ತಾರ, ನಿನಗ ಗೊತ್ತೈತಲ್ಲ ಮಾವಶಿ? ನಾಳೆ ಮುಂಜಾನೆ ಬಸ್ಸಿಗೇ ಕಳಸ್ಲೇನು?"

ನಾನು ಪಡಸಾಲೆಯತ್ತ ನೋಡಿದೆ. ಕಾಕಾ ಅಲ್ಲಿ ಕಾಲು ಚಾಚಿ, ರಿಮೋಟು ಹಿಡಿದು, ಎರಡನೆಯ ಚಹಾ ಕೇಳುತ್ತಿದ್ದಂತೆ ಕಂಡಿತು.

"ಬ್ಯಾಡ ಬಿಡವಾ" ಎಂದೆ. "ವಯಸ್ಸಾದವರು. ಅಲ್ಲೇ ಕುಂದರಲಿ."