ಹಿಟ್ಟು ಉಬ್ಬುವ ಜಾಗ

ಇವತ್ತು ಬೆಳಿಗ್ಗೆ ನಮ್ಮ ಮನೆಯ ಬಾಯ್ಲರ್ ಪ್ರಾಣ ಬಿಟ್ಟಿತು. ಎದ್ದು ಬಂದು, ಕೋಣೆ ಬೆಚ್ಚಗಿಡುವ ರೇಡಿಯೇಟರ್ ಮುಟ್ಟಿದರೆ ಕೈ ಕೊರೆಯುವಷ್ಟು ತಣ್ಣಗಿತ್ತು. ದುಃಖವಾಗಬೇಕಾದ ವಿಷಯ. ಆದರೆ ನನ್ನ ಹೆಂಡತಿ ನಳಿನಿ ಸ್ವೆಟರಿನ ಮೇಲೊಂದು ಸ್ವೆಟರು ಹಾಕಿಕೊಂಡು, "ಅಂತೂ ಹೋಯ್ತಲ್ಲ, ಮಹಾರಾಯ!" ಎಂದಳು. ಆ ನೆಮ್ಮದಿ ನಿಮಗೆ ಅರ್ಥವಾಗಬೇಕಾದರೆ ತೊಂಬತ್ತರ ದಶಕಕ್ಕೆ ಹೋಗಬೇಕು. ಬನ್ನಿ, ಹೇಗೂ ಇಲ್ಲಿ ಚಳಿ.

ಆಗಷ್ಟೇ ಅಮೆರಿಕದ ಲ್ಯಾನ್‌ಹ್ಯಾಮ್‌ನಲ್ಲಿ ಈ ಟೌನ್‌ಹೌಸ್ ಕೊಂಡಿದ್ದೆವು. ದೇವಸ್ಥಾನಕ್ಕೆ ಹತ್ತಿರ ಎಂದು ಕೊಂಡದ್ದರಿಂದ ದೇವಸ್ಥಾನಕ್ಕೆ ಬಂದವರೆಲ್ಲ ನಮಗೂ ಹತ್ತಿರದವರಾದರು; ದರ್ಶನ ಅಲ್ಲಿ, ಕಾಫಿ ನಮ್ಮಲ್ಲಿ. ಇಷ್ಟಾಗಿ ನಮ್ಮ ಮನೆದೇವರಿಗೇ ಜಾಗವಿರಲಿಲ್ಲ. ಫ್ರಿಜ್ಜಿನ ಮೇಲೆ ಕೂತಿದ್ದ ಗಣಪತಿ, ಹಾಲಿಗೆಂದು ಬಾಗಿಲು ಎಳೆದಾಗಲೆಲ್ಲ ಗಡಗಡ ನಡುಗುತ್ತಿದ್ದ. ಅಡುಗೆಮನೆಯ ಪಕ್ಕದ ಕ್ಲಾಸೆಟ್ ಎಂಬ ಪುಟ್ಟ ಕೋಣೆಯಲ್ಲಿ ಮಾತ್ರ ಬಿಸಿನೀರಿನ ಟ್ಯಾಂಕೂ ಹಳೇ ಬಾಯ್ಲರೂ ಬೀಗರ ಹಾಗೆ ಆರಾಮವಾಗಿ ಕೂತಿದ್ದವು.

"ರೀ, ಆ ಟ್ಯಾಂಕ್ ಡುಮ್ಮನ್ನ ಎತ್ತಿಸಿ. ದೇವರ ಮನೆ ಇಲ್ದೆ ಇದು ನಂಗೆ ಹೋಟೆಲ್ ರೂಮಿನ ಥರ ಅನ್ಸುತ್ತೆ" ಎಂದಳು ನಳಿನಿ.

ಅಷ್ಟು ಸಾಕಾಯಿತು. ನಾನು ಸಾಫ್ಟ್‌ವೇರ್‌ನವನು, ಬದನೆಕಾಯಿ ಕೊಳ್ಳುವುದಕ್ಕೂ ಕಂಪ್ಯಾರಿಸನ್ ಮಾಡುವವನು. ಬ್ರೋಷರ್ ತರಿಸಿದೆ, ಟೇಪು ಹಿಡಿದು ಗೋಡೆ ಅಳೆದೆ, ಊಟಕ್ಕೆ ಕೂತಾಗ ಭಾಷಣ ಬಿಗಿದೆ. ಕೊನೆಗೆ ಆರಿಸಿದ್ದು ಕಾಂಬಿ ಬಾಯ್ಲರ್. ಮನೆಯನ್ನೂ ಅದೇ ಬೆಚ್ಚಗಿಡುತ್ತದೆ, ನಲ್ಲಿ ತಿರುಗಿಸಿದಾಗ ನೀರನ್ನೂ ಅದೇ ಕಾಯಿಸುತ್ತದೆ. ಟ್ಯಾಂಕ್ ಬೇಡ, ಗೋಡೆಗೆ ನೇತುಹಾಕಿದರಾಯಿತು. ಯೂರೋಪಿನ ಮಾಲು. ನಮ್ಮ ಬಳಗದಲ್ಲಿ ಯಾರೂ ಕಂಡಿರಲಿಲ್ಲವಾದ್ದರಿಂದ ಬಂದವರಿಗೆಲ್ಲ ಕಾಫಿಗಿಂತ ಮೊದಲು ಅದರ ದರ್ಶನ ಮಾಡಿಸುತ್ತಿದ್ದೆ. ಕ್ಲಾಸೆಟ್ ಖಾಲಿಯಾಗಿ, ಗಣಪತಿ ಫ್ರಿಜ್ಜಿನಿಂದಿಳಿದು ಅಲ್ಲಿ ಕೂತ. ನಳಿನಿ ಹೊಸ್ತಿಲಿಗೆ ಅರಿಶಿನ ಕುಂಕುಮ ಹಚ್ಚಿದಳು. ಅವಳ ಮುಖ ನೋಡಿ ನನಗೂ ಖುಷಿಯಾಯಿತು, ಸುಳ್ಳೇಕೆ ಹೇಳಲಿ.

ಇದೆಲ್ಲ ನಡೆದದ್ದು ಬೇಸಿಗೆಯಲ್ಲಿ, ಎಡವಟ್ಟಾದದ್ದೂ ಅಲ್ಲೇ. ಹಿಂದಿನ ಚಳಿಗಾಲದಲ್ಲಿ ನಮ್ಮ ಇಡ್ಲಿ ಹಿಟ್ಟು ಹುದುಗುತ್ತಿದ್ದದ್ದು ಆ ಟ್ಯಾಂಕಿನ ಬೆಚ್ಚನೆಯ ಮಗ್ಗುಲಲ್ಲಿ. ಬೇಸಿಗೆಯಲ್ಲಿ ಹಿಟ್ಟು ಎಲ್ಲಿಟ್ಟರೂ ಉಬ್ಬುತ್ತದಲ್ಲ, ಅವಳಿಗೆ ನೆನಪಾಗಲಿಲ್ಲ. ನನಗಂತೂ ಇಡ್ಲಿಯ ಪರಿಚಯ ತಟ್ಟೆಗೆ ಬಂದ ಮೇಲೆಯೇ. ಚಳಿ ಶುರುವಾದಾಗ ಇಬ್ಬರಿಗೆ ಬೇಕಾದಷ್ಟು ಹಿಟ್ಟನ್ನು ಓವನ್ ಒಳಗೆ ಲೈಟ್ ಹಾಕಿಟ್ಟು ಸುಧಾರಿಸಿದಳು. ಆದರೆ ಸಂಕ್ರಾಂತಿಗೆ ದೇವರ ಮನೆ ನೋಡಲು ನಲವತ್ತು ಜನರನ್ನು ಕರೆದು, "ಯಾರೂ ಏನೂ ತರ್ಬೇಡಿ, ಇಡ್ಲಿ ನಂದು" ಎಂದು ದೇವಸ್ಥಾನದಲ್ಲೇ ಸಾರಿಬಿಟ್ಟಿದ್ದಳು. ಅಷ್ಟು ಹಿಟ್ಟಿನ ಪಾತ್ರೆ ಓವನ್ ಒಳಗೆ ಹೋಗಲಿಲ್ಲ. ಹಿಂದಿನ ದಿನ ಸಂಜೆ ಮುಚ್ಚಳ ತೆಗೆದರೆ ಹಿಟ್ಟು ಗಾರೆಯ ಹಾಗೆ ಬಿದ್ದಿತ್ತು.

"ಒಂದು ಗುಳ್ಳೆನೂ ಬಂದಿಲ್ಲ ರೀ! ನಾಳೆ ಜನಕ್ಕೆ ಕಲ್ಲು ಬಡಿಸ್ಲಾ?" ಎಂದಳು. ಕಣ್ಣು ತುಂಬಿತ್ತು.

ನಾನಾದರೂ ಬಾಯಿ ಮುಚ್ಚಿಕೊಂಡಿರಬಹುದಿತ್ತು. "ಇದು ತುಂಬಾ ಎಫಿಶಿಯೆಂಟ್ ಬಾಯ್ಲರ್ ನಳಿನಿ, ಹಳೇದರ ಥರ ಬಿಸಿ ವೇಸ್ಟ್ ಮಾಡಲ್ಲ" ಎಂದೆ.

"ಅದು ವೇಸ್ಟ್ ಅಲ್ಲ ರೀ, ನಮ್ಮ ಇಡ್ಲಿ!"

ಕೊನೆಗೆ ಪಾತ್ರೆಯನ್ನು ದೇವರ ಮನೆಗೇ ನುಗ್ಗಿಸಿದೆವು. ಇದ್ದಬದ್ದ ಟೇಬಲ್ ಲ್ಯಾಂಪುಗಳನ್ನೆಲ್ಲ ಸುತ್ತ ಇಟ್ಟು, ಬಿಸಿಯಾಗಲೆಂದು ಸ್ವಿಚ್ ಹಾಕಿ, ಬಾಗಿಲು ಮುಚ್ಚಿದೆವು. ಮುಚ್ಚುವ ಮೊದಲು ನಳಿನಿ ಗಣಪತಿಗೆ ಕೈಮುಗಿದು, "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಪ್ಪ" ಎಂದಳು.

ಬೆಳಿಗ್ಗೆ ನಾವಿನ್ನೂ ಚಟ್ನಿ ರುಬ್ಬುತ್ತಿದ್ದಾಗಲೇ ಸಾವಿತ್ರಿ ಆಂಟಿ ಬಂದರು. ನಮ್ಮ ಬಳಗದ ಹಿರಿಯರು, ಮಡಿಯ ವಿಷಯದಲ್ಲಿ ಎಲ್ಲರೂ ಹೆದರುವ ಹೆಂಗಸು. ತಡೆಯುವಷ್ಟರಲ್ಲಿ ದೇವರ ಮನೆಯ ಬಾಗಿಲು ತೆರೆದೇಬಿಟ್ಟರು. ಹಿಟ್ಟು ಉಕ್ಕಿ, ಮುಚ್ಚಳ ನೂಕಿ, ಗಣಪತಿಯ ಪಾದದವರೆಗೂ ಹರಿದಿತ್ತು. ನಳಿನಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಂಟಿ ಬೆರಳಲ್ಲಿ ಚೂರು ಹಿಟ್ಟು ತೆಗೆದು ಮೂಸಿ, "ಹುಳಿ ಸರಿಯಾಗಿದೆ ಕಣೇ. ಬೇಗ ಒಲೆ ಹಚ್ಚು, ಈ ಗಣಪತಿಗೆ ಆಗ್ಲೇ ಹಸಿವಾಗಿದೆ" ಎಂದರು.

ಅಂಥ ಮೆತ್ತನೆಯ ಇಡ್ಲಿ ನಾನು ಮತ್ತೆ ತಿಂದಿಲ್ಲ. ನಲವತ್ತು ಜನರೂ ಹೊಗಳಿದ್ದು ನಳಿನಿಯ ಇಡ್ಲಿಯನ್ನೇ, ನನ್ನ ಬಾಯ್ಲರನ್ನಲ್ಲ. ಅಲ್ಲಿಂದಾಚೆ ಪ್ರತಿ ಚಳಿಗಾಲವೂ ಗಣಪತಿ ಹಿಟ್ಟಿನ ಜೊತೆ ರೂಮ್ ಶೇರ್ ಮಾಡಿದ.

ಇವತ್ತು ಮಧ್ಯಾಹ್ನ ಬಾಯ್ಲರ್‌ನವನು ಬಂದ. ಹೊಸ ಮಾಡೆಲ್ ಇನ್ನೂ ಚಿಕ್ಕದು, ಇನ್ನಷ್ಟು ಜಾಗ ಉಳಿಯುತ್ತದೆ, ಚೂರೂ ಬಿಸಿ ಹೊರಗೆ ಹೋಗುವುದಿಲ್ಲ ಎಂದು ಉತ್ಸಾಹದಿಂದ ವಿವರಿಸಿದ. ಎಲ್ಲ ಕೇಳಿಸಿಕೊಂಡ ನಳಿನಿ ಅವನಿಗೆ ಅರ್ಥವಾಗಲೆಂದು ಇಂಗ್ಲಿಷಿನಲ್ಲೇ ಕೇಳಿದಳು: "ಹಾಗಾದ್ರೆ ನಮ್ಮ ಹಿಟ್ಟು ಎಲ್ಲಿಡೋದು?"

ಪಾಪ, ಅವನು ದಿಕ್ಕು ತೋಚದೆ ನನ್ನ ಮುಖ ನೋಡಿದ. ನಾನು ಬ್ರೋಷರ್ ಮಡಚಿ ಅವನ ಕೈಗಿಟ್ಟು, "ಮೊದಲು ಅದಕ್ಕೆ ಉತ್ತರ ಹೇಳಪ್ಪ" ಎಂದೆ.