ತಮ್ಮನ ದೋಣಿಗೆ ಹದಿನೈದು ಎಚ್‌ಪಿ

ದೋಣಿ ಕಟ್ಟುವ ಜಾಗದ ಪಕ್ಕದಲ್ಲೇ ಮೋಟಾರ್ ಮೇಸ್ತ್ರಿಯ ತಗಡಿನ ಶೆಡ್ಡು. ದೋಣಿಗೆ ಮೋಟಾರು ಬೇಕಾದವರು ಮೊದಲು ಅವನನ್ನೇ ಹುಡುಕಿಕೊಂಡು ಬರುತ್ತಿದ್ದರು. ಅವನು ಮೋಟಾರು ಕೂರಿಸುವ, ದೋಣಿಯ ಹಿಂಬದಿಯ ಹಲಗೆಯನ್ನು ಬೆರಳಿನಿಂದ ತಟ್ಟಿ, ಉದ್ದಗಲ ಅಳೆದು, ಎಷ್ಟು ಜನ, ಎಷ್ಟು ಬಲೆ, ಎಷ್ಟು ದೂರ ಎಂದೆಲ್ಲ ಕೇಳಿ, ಕೊನೆಗೆ ಕಡ್ಡಿ ಮುರಿದಂತೆ ಒಂದು ಸಂಖ್ಯೆ ಹೇಳುತ್ತಿದ್ದ. ಯಾರಾದರೂ ಚೌಕಾಸಿಗೆ ಇಳಿದರೆ, "ಸೈಕಲ್ಲಿಗೆ ಲಾರಿ ಇಂಜಿನ್ ಕಟ್ತೀಯಾ?" ಎಂದು ಗದರುತ್ತಿದ್ದ. ಮೀಸೆ ಹೊತ್ತ ಗಂಡಸರೂ ತಲೆ ಕೆರೆದುಕೊಂಡು ಚಿಕ್ಕ ಮೋಟಾರನ್ನೇ ಒಯ್ಯುತ್ತಿದ್ದರು.

ಗದರಿದರೂ ಬಗ್ಗದೆ ಅವನ ಲೆಕ್ಕಕ್ಕೆ ಅಡ್ಡ ಮಾತಾಡಿದವನು ಒಬ್ಬನೇ, ಒಡಹುಟ್ಟಿದ ತಮ್ಮ.

ತಮ್ಮನದು ಹದಿನಾರು ಅಡಿಯ ಮರದ ದೋಣಿ, ಅಪ್ಪನ ಕಾಲದ್ದು. ಮೀನು ವರ್ಷದಿಂದ ವರ್ಷಕ್ಕೆ ದೂರ ಸರಿಯುತ್ತಿತ್ತು.

"ನಲವತ್ತು ಎಚ್‌ಪಿ ಕೊಡಣ್ಣ. ಬೇರೆಯವರು ಬಲೆ ಎಳೆದು ವಾಪಸ್ ಹೊರಟಾಗ ನಾನಿನ್ನೂ ಅಲ್ಲಿಗೆ ಹೋಗ್ತಾ ಇರ್ತೀನಿ."

"ಆ ಹಲಗೆ ತಡೆಯಲ್ಲ ಕಣೋ. ಹಿಂದೆ ಭಾರ ಆಗಿ ನೀರು ನುಗ್ಗುತ್ತೆ. ಹದಿನೈದು. ಅದಕ್ಕಿಂತ ಒಂದು ಚೂರೂ ಜಾಸ್ತಿ ಇಲ್ಲ."

"ಊರವರಿಗೆಲ್ಲ ನೀನು ಮೇಸ್ತ್ರಿ, ಸರಿ. ನನಗೂ ಮೇಸ್ತ್ರೀನಾ?"

"ಅವರು ಮುಳುಗಿದ್ರೆ ಒಬ್ಬ ಗಿರಾಕಿ ಹೋಗ್ತಾನೆ. ನೀನು ಮುಳುಗಿದ್ರೆ?"

ತಮ್ಮ ಮುಖ ಊದಿಸಿಕೊಂಡು ಹದಿನೈದನ್ನೇ ಒಯ್ದ. ಒಂದು ತಿಂಗಳು ಮಾತು ಬಿಟ್ಟ. ಆಮೇಲೆ ತಾನಾಗಿಯೇ ಬಂದು, ಶೆಡ್ಡಿನ ಸ್ಟೂಲು ಎಳೆದುಕೊಂಡು ಕೂತು, ಏನೂ ನಡೆದೇ ಇಲ್ಲವೆಂಬಂತೆ ಹರಟೆ ಹೊಡೆದ.

ಎರಡು ವರ್ಷ ಚೆನ್ನಾಗಿಯೇ ಕಳೆಯಿತು. ಒಂದು ಮಧ್ಯಾಹ್ನ ಗಾಳಿ ಇದ್ದಕ್ಕಿದ್ದಂತೆ ತಿರುಗಿ, ದಡದಿಂದ ಕಡಲಿನತ್ತ ಬೀಸತೊಡಗಿತು. ದೊಡ್ಡ ಮೋಟಾರಿನ ದೋಣಿಗಳು ಒಂದೊಂದಾಗಿ ಬಂದು ಸೇರಿದವು. ತಮ್ಮ ಬರಲಿಲ್ಲ. ಮೂರನೆಯ ದಿನ ಹುಡುಕಲು ಹೋದವರು ಖಾಲಿ ದೋಣಿಯನ್ನು ಎಳೆದು ತಂದರು. ಮರುದಿನ ಅವನ ದೇಹವೂ ಸಿಕ್ಕಿತು.

ಎಲ್ಲ ಮುಗಿದ ಮೇಲೆ ಮೇಸ್ತ್ರಿ ಆ ಮೋಟಾರನ್ನು ಬಿಚ್ಚಿದ. ಎಲ್ಲಾದರೂ ಒಂದು ದೋಷ ಸಿಗಲಿ ಎಂದು ಅವನ ಜೀವ ಹಾತೊರೆಯುತ್ತಿತ್ತು. ಪ್ಲಗ್ಗು ಸ್ವಚ್ಛವಾಗಿತ್ತು. ನೀರಲ್ಲಿ ತಿರುಗುವ ಫ್ಯಾನಿಗೆ ಬಲೆಯ ಎಳೆಯೂ ಸಿಕ್ಕಿಕೊಂಡಿರಲಿಲ್ಲ. ಟ್ಯಾಂಕು ಮಾತ್ರ ಒಣಗಿತ್ತು, ಜೊತೆಗಿದ್ದ ಕ್ಯಾನೂ ಒಣಗಿತ್ತು. ಮೋಟಾರು ಕೊನೆಯ ಹನಿಯವರೆಗೂ ಗಾಳಿಗೆ ಎದುರಾಗಿ ಓಡಿತ್ತು. ಓಡಿದ್ದು ಸಾಲಲಿಲ್ಲ, ಅಷ್ಟೇ.

ತಮ್ಮನ ಹೆಂಡತಿ ಬಾಗಿಲಲ್ಲಿ ಬಂದು ನಿಂತಳು.

"ಕೆಟ್ಟಿತ್ತಾ ಭಾವ?"

"ಇಲ್ಲಮ್ಮ. ಏನೂ ಕೆಟ್ಟಿರಲಿಲ್ಲ."

"ದೊಡ್ಡದು ಹಾಕಿದ್ರೆ ಬಂದುಬಿಡ್ತಿದ್ರಾ?"

ಹಲಗೆ ಸೀಳಿಹೋಗುತ್ತಿತ್ತು, ಎರಡು ವರ್ಷ ಮೊದಲೇ ಮುಳುಗುತ್ತಿದ್ದ ಎಂದು ಹೇಳಬಹುದಿತ್ತು. ಅವನ ಲೆಕ್ಕ ಅದನ್ನೇ ಹೇಳುತ್ತಿತ್ತು. ಆದರೆ ಅವನು ಬಿಚ್ಚಿಟ್ಟ ಪ್ಲಗ್ಗನ್ನು ಎತ್ತಿಕೊಂಡು ಮತ್ತೆ ತಿರುಗಿಸಿ ಕೂರಿಸತೊಡಗಿದ. ಅವಳು ಹೊರಟುಹೋದಳು.

ಅಂದಿನಿಂದ ಮೇಸ್ತ್ರಿ ಯಾರಿಗೂ ಸಂಖ್ಯೆ ಹೇಳಲಿಲ್ಲ. ಕೇಳಿದವರಿಗೆ, "ಪೇಟೆ ಅಂಗಡೀಲಿ ಕೇಳಿ" ಎನ್ನುತ್ತಿದ್ದ. ರಿಪೇರಿಯಷ್ಟೇ ಮಾಡುತ್ತಿದ್ದ.

ವರ್ಷದ ಮೇಲೆ ಅವಳು ದೋಣಿ ಮಾರಲು ಮನಸ್ಸು ಮಾಡಿದಳು. ಕೊಳ್ಳಲು ಬಂದವನು ದೋಣಿಗೆ ಒಂದು ಸುತ್ತು ಬಂದು, "ಮೇಸ್ತ್ರಿ, ಇದಕ್ಕೆ ಮೂವತ್ತು ಎಚ್‌ಪಿ ಹಾಕಬಹುದಲ್ವಾ?" ಎಂದ. ಮೇಸ್ತ್ರಿ ತಲೆ ತಗ್ಗಿಸಿ ಚಿಂದಿಬಟ್ಟೆಯಲ್ಲಿ ಕೈ ಒರೆಸುತ್ತಲೇ ಇದ್ದ.

ಅವಳು ಮುಂದೆ ಬಂದಳು. "ಹದಿನೈದೇ ಹಾಕಿ. ಅದಕ್ಕಿಂತ ದೊಡ್ಡದನ್ನ ಈ ಹಲಗೆ ತಡೆಯಲ್ಲ. ನಮ್ಮ ಭಾವ ಹೇಳಿರೋದು."

ಕೊಳ್ಳಲು ಬಂದವನು ಒಪ್ಪಿ, ದೋಣಿ ಎಳೆದೊಯ್ಯಲು ಹಗ್ಗ ತರಲು ಅತ್ತ ಹೋದಾಗ ಮೇಸ್ತ್ರಿ ಮೆಲ್ಲಗೆ ಕೇಳಿದ: "ಯಾಕಮ್ಮ ಹಾಗಂದೆ?"

"ನೀವು ಹೇಳಿದ್ದು ತಪ್ಪಾ?"

"ತಪ್ಪಲ್ಲ. ಸರಿಯಾಗೇ ಹೇಳಿದ್ದೆ ಕಣಮ್ಮ. ಸರಿಯಾಗೇ..." ದೋಣಿಯ ಅಂಚು ಹಿಡಿದು ಅವನು ಬಿಕ್ಕಿ ಬಿಕ್ಕಿ ಅತ್ತ. ತಮ್ಮ ಹೋದ ದಿನವೂ ಅವನು ಹಾಗೆ ಅತ್ತಿರಲಿಲ್ಲ. ಅಳು ನಿಲ್ಲುವವರೆಗೂ ಅವಳು ಪಕ್ಕದಲ್ಲಿ ನಿಂತಿದ್ದಳು. ಕೊಂಡವನು ಹಗ್ಗ ತಂದ ಮೇಲೆ ಮೂವರೂ ಸೇರಿ ದೋಣಿಯನ್ನು ನೀರಿಗೆ ನೂಕಿದರು.